ಮೂರು ದಿನದ ದಾರಿಪೆಟ್ಟಿಗೆ

ನನ್ನ ಮನೆಯಿಂದ ಅಕ್ಕನ ಮನೆಗೆ ಕಾರಿನಲ್ಲಿ ನಾಲ್ಕು ನಿಮಿಷದ ದಾರಿ. ಅದು ರಸ್ತೆ ಸುಮ್ಮನಿದ್ದ ದಿನದ ಮಾತು. ರಸ್ತೆ ಎಳೆದುಕೊಂಡಿತೆಂದರೆ ಅದೇ ದಾರಿಗೆ ಅರ್ಧ ದಿನವೂ ಹಿಡಿಯಬಹುದು, ಮೂರು ದಿನವೂ ಹಿಡಿಯಬಹುದು. ನಮ್ಮೂರ ದನದ ಡಾಕ್ಟರು ಒಮ್ಮೆ ಹಾಲಿನ ಡೈರಿಯಿಂದ ಪೋಸ್ಟಾಫೀಸಿಗೆ ಹೊರಟು ಒಂಬತ್ತನೆಯ ದಿನ ಗಡ್ಡ ಬಿಟ್ಟುಕೊಂಡು ಬಂದು ಇಳಿದರು. ಕೈಯಲ್ಲಿದ್ದ ಕಾಗದವನ್ನು ಡಬ್ಬಕ್ಕೆ ಹಾಕಿ, ಎದುರಿನ ಅಂಗಡಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಮನೆಗೆ ಹೋದರು. ನಡೆದು ಹೋಗುವವರಿಗೆ ಈ ಕಾಟವಿಲ್ಲ. ಹಾಗಿದ್ದ ಮೇಲೆ ಎಲ್ಲರೂ ನಡೆದೇ ಓಡಾಡಬಾರದೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಮಂಡಿನೋವು ಇದ್ದವರು ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಅದಕ್ಕೇ ನಮ್ಮೂರಿನ ಪ್ರತಿ ಕಾರಿನ ಡಿಕ್ಕಿಯಲ್ಲೂ ಒಂದು ದಾರಿಪೆಟ್ಟಿಗೆ ಇರುತ್ತದೆ. ಇರಲೇಬೇಕು. ಪುರಸಭೆಯವರು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತೆರೆಸಿ ನೋಡಿ ಮುದ್ರೆ ಒತ್ತುತ್ತಾರೆ. ತಲೆಗೆ ಎರಡು ಕ್ಯಾನು ನೀರು, ಅವಲಕ್ಕಿ, ಬೆಲ್ಲ, ಹುರಿಗಡಲೆ, ಬೆಂಕಿಪೊಟ್ಟಣ, ಟಾರ್ಚು, ಕಂಬಳಿ, ಹಗ್ಗ, ಚಕ್ರಕ್ಕೆ ಗಾಳಿ ಹೊಡೆಯುವ ಪಂಪು, ಬ್ಯಾಟರಿಯ ವೈರು, ಗಾಯಕ್ಕೆ ಹಚ್ಚುವ ಮುಲಾಮು, ಒಂದು ಸೀಟಿ. ಇಷ್ಟು ಕಾಯಿದೆಯದು. ಇದರ ಮೇಲೆ ಅವರವರ ಮನೆಯ ರೂಢಿ. ಹೆಡ್‌ಮಾಸ್ಟರರ ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ ಹಲ್ಲುಸೆಟ್ಟಿದೆ. ಹೆಣ್ಣು ನೋಡಲು ಬರುವವರು ಮೊದಲು ಡಿಕ್ಕಿ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿರಲಿಲ್ಲವೆಂಬ ಒಂದೇ ಕಾರಣಕ್ಕೆ ಮುರಿದುಹೋದ ಸಂಬಂಧ ನಮ್ಮ ಬೀದಿಯಲ್ಲೇ ಒಂದಿದೆ.

ಪೆಟ್ಟಿಗೆಯ ಸಾಮಾನೆಲ್ಲ ಸಿಗುವುದು ದಾವೂದ್ ಸಾಹೇಬರ ಅಂಗಡಿಯಲ್ಲಿ. ಎಂಬತ್ತು ದಾಟಿದ ಮನುಷ್ಯ. ಊರಿನಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಗಿರಾಕಿಗಳನ್ನು ಅವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಜನ, ಹೊಂದಿಕೊಂಡು ಹೋಗ್ತೀರಾ ಇಲ್ವಾ. ಹೊಂದಿಕೊಳ್ಳುವವರಿಗೆ ಚೌಕಾಬಾರದ ಹಾಸು, ಕವಡೆ. ಹೊಂದಿಕೊಳ್ಳದವರಿಗೆ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಕಟ್ಟಲು ದಪ್ಪನೆಯ ಪರದೆ. ಹೊಸದಾಗಿ ಮದುವೆಯಾದವರಿಗೆ ಎರಡನ್ನೂ ಕಟ್ಟಿಕೊಡುತ್ತಾರೆ.

ಇನ್ನೊಂದು ಕಟ್ಟಳೆಯಿದೆ. ರಸ್ತೆ ಎಳೆದ ಉದ್ದದಾರಿಯಲ್ಲಿ ಆಡಿದ ಮಾತನ್ನು ನೆಲಕ್ಕೆ ಇಳಿದ ಮೇಲೆ ಎತ್ತುವಂತಿಲ್ಲ. ಎರಡು ಹಗಲು ಎರಡು ರಾತ್ರಿ ಒಂದೇ ಕಾರಿನಲ್ಲಿ ಕೂತವರ ಬಾಯಿಂದ ಏನೇನು ಬರುತ್ತದೆಂದು ಬಲ್ಲ ಹಿರಿಯರು ಮಾಡಿದ್ದು. ಎತ್ತುವಂತಿಲ್ಲ, ಆದರೆ ಆಡಿದ ಮಾತು ನಡೆಯಬೇಕು. ಬದಲಾಯಿಸಬೇಕಾದರೆ ಅದೇ ಜನ ಮತ್ತೊಮ್ಮೆ ಉದ್ದದಾರಿಯಲ್ಲಿ ಸಿಕ್ಕಿಕೊಳ್ಳಬೇಕು. ನಾಲ್ಕು ನಿಮಿಷದ ದಾರಿಯಲ್ಲಿ ಬದಲಾಯಿಸಿದರೆ ನಡೆಯುವುದಿಲ್ಲ. ಈ ಕಟ್ಟಳೆ ಎಷ್ಟು ಒಳ್ಳೆಯದೆಂದು ನಾನು ಎಷ್ಟೋ ಜನಕ್ಕೆ ಉಪದೇಶ ಮಾಡಿದ್ದೆ. ನನ್ನ ಕುತ್ತಿಗೆಗೆ ಬಂದ ಮೇಲೆ ಬಾಯಿ ಮುಚ್ಚಿದೆ.

ಆರು ವರ್ಷದ ಹಿಂದೆ ನಾನು, ಅಕ್ಕ ಕಾತ್ಯಾಯಿನಿ, ಭಾವ ಶ್ರೀಕಂಠಯ್ಯ ಮೂವರೂ ನನ್ನ ಕಾರಿನಲ್ಲಿ ಪೇಟೆಯಿಂದ ಅವರ ಮನೆಗೆ ಹೊರಟಿದ್ದೆವು. ನಾನು ಊರಿನ ಹಾರ್ಮೋನಿಯಂ ಮೇಷ್ಟ್ರು, ಅಂದರೆ ಮೇಷ್ಟ್ರಮ್ಮ. ರಿಪೇರಿಯಾದ ಹಾರ್ಮೋನಿಯಂ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ನಾಲ್ಕು ನಿಮಿಷ ತಾನೇ ಎಂದು ಆರು ಕ್ಯಾನು ನೀರಿನಲ್ಲಿ ಐದನ್ನು ರಿಪೇರಿ ಅಂಗಡಿಯಲ್ಲೇ ಇಳಿಸಿ ಹಾರ್ಮೋನಿಯಂ ಏರಿಸಿದೆ. ಈ ಬುದ್ಧಿ ನನಗೆ ಯಾಕೆ ಬಂತೋ ಇವತ್ತಿಗೂ ತಿಳಿಯದು. ರಸ್ತೆ ಎರಡೂವರೆ ದಿನ ಎಳೆಯಿತು. ಒಂದೇ ಕಾಂಪೌಂಡು ಗೋಡೆ ಮುಗಿಯದೆ ಪಕ್ಕದಲ್ಲಿ ಬರುತ್ತಲೇ ಇತ್ತು. ಮೂರನೆಯ ಬೆಳಿಗ್ಗೆ ಅಕ್ಕ, "ನೀರು ಇಳಿಸಿ ಬಾಜಾಪೆಟ್ಟಿಗೆ ಹೊತ್ತುಕೊಂಡು ಬಂದೋಳು ಇನ್ನು ಮೇಲೆ ನನ್ನ ಮನೆ ಮೆಟ್ಟಿಲು ಹತ್ತಬೇಡ" ಎಂದಳು. ನಾನೇನು ಕಡಿಮೆಯೇ, "ನೀನು ಕಾಲು ಹಿಡಿದು ಕರೆದರೂ ಹತ್ತಲ್ಲ" ಎಂದೆ. ಹಿಂದೆ ಕೂತಿದ್ದ ಭಾವ, ತಲೆ ಕೆಟ್ಟು, "ನೀವಿಬ್ಬರೂ ಬಾಯಿ ಮುಚ್ಚಿದ್ರೆ ನಾನು ನಶ್ಯ ಬಿಡ್ತೀನಿ" ಎಂದುಬಿಟ್ಟರು. ಅಷ್ಟು ಹೊತ್ತಿಗೆ ಗೋಡೆ ಮುಗಿದು ಅಕ್ಕನ ಮನೆಯ ಗೇಟು ಕಂಡಿತು. ನಾವು ಬಾಯಿ ಮುಚ್ಚಿದೆವು. ಇನ್ನು ಅರ್ಧ ಗಂಟೆ ಎಳೆದಿದ್ದರೆ ಮೂವರೂ ಮಾತು ವಾಪಸು ತೆಗೆದುಕೊಂಡು ನಗುತ್ತಾ ಇಳಿಯುತ್ತಿದ್ದೆವು.

ಅಲ್ಲಿಂದ ಈಚೆಗೆ ನಾನು ಅಕ್ಕನ ಮನೆಯ ಏಳು ಮೆಟ್ಟಿಲು ಹತ್ತಿಲ್ಲ. ಜಗಳವಾಡಿಕೊಂಡು ಬಿಟ್ಟೆವೆಂದು ತಿಳಿಯಬೇಡಿ. ಬೆಳಿಗ್ಗೆ ಎಂಟಕ್ಕೆ ನಾನು ನಡೆದು ಹೋಗಿ ಗೇಟಿನ ಹೊರಗೆ ನಿಲ್ಲುತ್ತೇನೆ, ಅಕ್ಕ ಒಳಗೆ ನಿಲ್ಲುತ್ತಾಳೆ. ಹುಳಿ, ಚಟ್ನಿಪುಡಿ, ತೊಗರಿಕಾಯಿ, ಊರಿನ ಸುದ್ದಿ ಎಲ್ಲ ಗೇಟಿನ ಮೇಲಿಂದಲೇ ಆಚೀಚೆ ಆಗುತ್ತದೆ. ಮಳೆ ಬಂದರೆ ಇಬ್ಬರೂ ಕೊಡೆ ಹಿಡಿದು ನಿಲ್ಲುತ್ತೇವೆ. ಆ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಡುತ್ತೇವೆ. ಭಾವ ವರಾಂಡದಲ್ಲಿ ಕೂತು, ಖಾಲಿ ನಶ್ಯದ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಮುಚ್ಚಿ ಇಡುತ್ತಾರೆ. ಅಕ್ಕನ ಮಗಳು ಸೌಗಂಧಿಯ ಮದುವೆ ಛತ್ರದಲ್ಲಾಯಿತು, ನಾನು ಹೋಗಿ ಕುಣಿದಾಡಿ ಬಂದೆ. ಹೇಗೋ ನಡೆದುಹೋಗುತ್ತಿತ್ತು.

ಆಮೇಲೆ ಸೌಗಂಧಿಗೆ ಗಂಡುಮಗುವಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಅವನನ್ನು ನಾನು ಕೆಳಗಿಡಲಿಲ್ಲ. ಮೂಗು ನಮ್ಮಮ್ಮನದು, ಕೋಪ ಅಕ್ಕನದು, ರಾಗ ನನ್ನದು. ಮೂರನೆಯ ದಿನ ತಾಯಿ ಮಗು ಇಬ್ಬರೂ ಅಕ್ಕನ ಮನೆಗೆ ಹೋದರು. ನಾನು ಗೇಟಿನಲ್ಲಿ ಉಳಿದೆ. ಸೌಗಂಧಿ ಕಿಟಕಿಯ ಸರಳಿನ ಹಿಂದೆ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ನಾನು ಕೆಳಗಿನಿಂದ ಕೈ ಬೀಸುತ್ತಿದ್ದೆ. ಐವತ್ತೇಳು ವರ್ಷದ ಹೆಂಗಸು, ನಡುಬೀದಿಯಲ್ಲಿ ನಿಂತು ಕಿಟಕಿಗೆ ಲೊಚಗುಟ್ಟುವುದನ್ನು ನೋಡಿ ಊರು ನಗುತ್ತಿತ್ತು. ನಗಲಿ ಎಂದುಕೊಂಡೆ. ಶುಕ್ರವಾರ ಹನ್ನೊಂದೂ ಇಪ್ಪತ್ತಕ್ಕೆ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. "ಮೊದಲ ಜೋಗುಳ ಚಿಕ್ಕಮ್ಮಂದೇ, ಬೇರೆ ಯಾರೂ ಹಾಡಕೂಡದು" ಎಂದು ಸೌಗಂಧಿ ಕಿಟಕಿಯಿಂದ ಕೂಗಿ ಹೇಳಿದಳು. ಛತ್ರ ಹಿಡಿಯೋಣವೆಂದರೆ, ಮೊದಲ ತೊಟ್ಟಿಲು ಮನೆಯ ತೊಲೆಗೇ ಕಟ್ಟಬೇಕು. ಮಗುವನ್ನು ಹೊರಗೆ ತರೋಣವೆಂದರೆ, ತೊಟ್ಟಿಲಾಗುವವರೆಗೆ ಹೊಸಲು ದಾಟಿಸುವಂತಿಲ್ಲ. ಮನೆಗೆ ಬಂದು ನಾನು ಅತ್ತೆ. ಸುಮ್ಮನೆ ಯಾಕೆ ಮುಚ್ಚಿಡಲಿ, ಚೆನ್ನಾಗಿಯೇ ಅತ್ತೆ.

ಮಂಗಳವಾರ ಬೆಳಿಗ್ಗೆ ಗೇಟಿನಲ್ಲಿ ಅಕ್ಕ ಹುಳಿಯ ಡಬ್ಬಿ ಕೊಡಲಿಲ್ಲ. "ಪಂಕಿ, ಪೆಟ್ಟಿಗೆ ಕಟ್ಟು. ಮೂರು ದಿನದ್ದು" ಎಂದಳು.

"ಎಲ್ಲಿಗೆ?"

"ಎಲ್ಲಿಗಾದ್ರೂ. ಮೂರು ಜನ. ನಿಮ್ಮ ಭಾವನೂ ಬರ್ತಾರೆ."

ಯಾಕೆಂದು ಅವಳು ಹೇಳುವಂತಿರಲಿಲ್ಲ, ನಾನು ಕೇಳುವಂತಿರಲಿಲ್ಲ. ವರಾಂಡದಲ್ಲಿ ಭಾವ ಆಗಲೇ ಚಪ್ಪಲಿ ಮೆಟ್ಟಿಕೊಂಡು ಕೂತಿದ್ದರು. ಬೀದಿಯುದ್ದಕ್ಕೂ ನಡೆದು ಬರಲಾಗದೆ ಓಡಿಯೇ ಬಂದೆ.

ದಾವೂದ್ ಸಾಹೇಬರು ಕನ್ನಡಕ ಏರಿಸಿ, "ಎಷ್ಟು ಜನ ಅಮ್ಮಾ?" ಎಂದು ಕೇಳಿದರು. ಮೂರು ಎಂದೆ. ಎರಡನೆಯ ಪ್ರಶ್ನೆ ಕೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಪರದೆಯನ್ನು ಮೇಲಿನ ಹಲಗೆಗೆ ಎಸೆದು ಚೌಕಾಬಾರದ ಹಾಸನ್ನು ಕೆಳಗಿಳಿಸಿದರು. ಅಂದು ನಾನು ಕಟ್ಟಿದಂಥ ಪೆಟ್ಟಿಗೆಯನ್ನು ಈ ಊರು ಕಂಡಿಲ್ಲ. ನೀರೇ ಹನ್ನೆರಡು ಕ್ಯಾನು, ಕಾಯಿದೆ ಹೇಳಿದ್ದಕ್ಕೆ ಎರಡರಷ್ಟು. ಗಟ್ಟಿ ಅವಲಕ್ಕಿ, ಗೊಜ್ಜಿನ ಪುಡಿ, ಹುರಿದ ರವೆ, ತುಪ್ಪ, ಕೋಡುಬಳೆ, ನಿಪ್ಪಟ್ಟು, ಎರಡು ಡಬ್ಬ ರವೆ ಉಂಡೆ. ಮಾವಿನ ಮಿಡಿ ಉಪ್ಪಿನಕಾಯಿ. ಜಾಡಿಯ ಬಾಯಿಗೆ ಎರಡು ಪದರ ಬಟ್ಟೆ. ಸಣ್ಣ ಸ್ಟವ್, ಕಾಫಿಪುಡಿ, ಫಿಲ್ಟರು. ಭಾವನಿಗೆ ಬೆನ್ನಿಗೆ ದಿಂಬು, ಅಕ್ಕನ ಮಂಡಿಗೆ ಎಣ್ಣೆ, ಬಿಸಿನೀರಿನ ಚೀಲ, ಮೂರು ಕಂಬಳಿ, ಮೂರು ಟಾರ್ಚು, ಎಲ್ಲರ ಬಿಪಿ ಮಾತ್ರೆ. ಹಗ್ಗ, ಪಂಪು, ವೈರು, ಸ್ಟೆಪ್ನಿ ಎಲ್ಲ ನೋಡಿಕೊಂಡೆ. ಡಿಕ್ಕಿ ಮುಚ್ಚಲು ನಾನು ಮೇಲೆ ಹತ್ತಿ ಕೂರಬೇಕಾಯಿತು. ಕಾರಿನ ಹಿಂಭಾಗ ನೆಲ ಮುಟ್ಟಿ ಮೂತಿ ಆಕಾಶ ನೋಡುತ್ತಿತ್ತು.

ಮಧ್ಯಾಹ್ನ ಹೊರಟೆವು. ಅಕ್ಕ ಮುಂದೆ, ಭಾವ ಹಿಂದೆ. ಪೇಟೆಗೆ ನಾಲ್ಕು ನಿಮಿಷ, ವಾಪಸು ನಾಲ್ಕು ನಿಮಿಷ. ಬುಧವಾರ ಐದು ಸಲ ಹೋದೆವು. ರಸ್ತೆ ಎಳೆಯಲಿಲ್ಲ. ಊರಿಗೆ ವಿಷಯ ಗೊತ್ತಾಗಿ ಸಲಹೆಗಳು ಬರತೊಡಗಿದವು. ನಮಗೆ ನೇರವಾಗಿ ಹೇಳದೆ, ಗಾಳಿಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದರು. ತೊಡೆಯ ಮೇಲೆ ಬಿಸಿ ಸಾರಿನ ಪಾತ್ರೆ ಇದ್ದರೆ ಖಂಡಿತ ಎಳೆಯುತ್ತದೆ ಎಂದು ಅಕ್ಕನ ಎದುರು ಮನೆಯ ಫಿಲೋಮಿನಮ್ಮ ಗುಲಾಬಿ ಗಿಡಕ್ಕೆ ಹೇಳಿದರು. ಅಕ್ಕ ತೊಡೆಯ ಮೇಲೆ ಸಾರು ಇಟ್ಟುಕೊಂಡಳು. ಸೀರೆಗೆ ಚೆಲ್ಲಿತು, ರಸ್ತೆ ಎಳೆಯಲಿಲ್ಲ. ಹೊಟ್ಟೆ ತುಂಬ ನೀರು ಕುಡಿದು, ಹೋಗಲೇಬೇಕು ಎನ್ನುವಂತಾದಾಗ ಹೊರಟರೆ ತಪ್ಪದೆ ಎಳೆಯುತ್ತದೆ ಎಂದು ಇನ್ನೊಬ್ಬರು. ಭಾವ ನಾಲ್ಕು ಲೋಟ ಮಜ್ಜಿಗೆ ಕುಡಿದು ಕಾಲು ಹೆಣೆದುಕೊಂಡು ಕೂತರು. ಅವತ್ತು ಎರಡೇ ನಿಮಿಷಕ್ಕೆ ಮನೆ ಬಂತು. ಭಾವ ಬಾಗಿಲು ತೆಗೆಯುವುದಕ್ಕೂ ಕಾಯದೆ ಕಿಟಕಿಯಿಂದಲೇ ಇಳಿಯಲು ನೋಡಿದರು.

ಗುರುವಾರ ಹನ್ನೊಂದು ಸಲ. ಪೆಟ್ರೋಲು ಮುಗಿಯಿತು, ಹಾಕಿಸಿದೆ, ಮತ್ತೆ ಮುಗಿಯಿತು. ದಾರಿ ಎಳೆಯುವುದಿರಲಿ, ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿತ್ತು. ಸಂಜೆ ದಾವೂದ್ ಸಾಹೇಬರ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಅವರು ಡಿಕ್ಕಿಯನ್ನು ನೋಡಿ ತಲೆಯಾಡಿಸಿದರು. "ಇಷ್ಟು ಸಾಮಾನು ಕಂಡ್ರೆ ಯಾವ ರಸ್ತೆಗೆ ಎಳೆಯೋಕೆ ಮನಸ್ಸು ಬರುತ್ತಮ್ಮಾ. ಅದು ಹೆದರಿದೆ."

"ಹಾಗಾದ್ರೆ ಎಲ್ಲ ಇಳಿಸಿ, ಬರೀ ಕಾರಲ್ಲಿ ಹೋಗೋಣ" ಎಂದೆ ಅಕ್ಕನಿಗೆ.

"ನೀರಿಲ್ಲದೆ ಹೊರಡೋ ಮಾತು ನನ್ನ ಹತ್ರ ಆಡಬೇಡ" ಎಂದಳು. ಹೇಳಿದ ಮೇಲೆ ಅವಳಿಗೇ ಅರಿವಾಯಿತು. ಇಬ್ಬರೂ ಗಾಜಿನಿಂದಾಚೆ ನೋಡುತ್ತ ಕೂತೆವು. ಆ ಒಂದು ಮಾತಿಗೆ ಇಷ್ಟು ಹತ್ತಿರ ಆರು ವರ್ಷದಲ್ಲಿ ನಾವು ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಎಂಟಕ್ಕೆ ಗೇಟಿಗೆ ಹೋದೆ. ಆಸೆ ಬಿಟ್ಟಿದ್ದೆ. ಕಿಟಕಿಯ ಕೆಳಗೆ ನಿಂತು ಅಲ್ಲಿಂದಲೇ ಗಟ್ಟಿಯಾಗಿ ಹಾಡಿಬಿಡುವುದು, ಯಾರು ನಕ್ಕರೂ ಸರಿ ಎಂದು ತೀರ್ಮಾನಿಸಿದ್ದೆ. ಅದಕ್ಕೇ ಗಂಟಲಿಗೆ ಕಲ್ಲುಸಕ್ಕರೆ ಹಾಕಿಕೊಂಡಿದ್ದೆ. ಒಳಗೆ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಮಲ್ಲಿಗೆಯ ವಾಸನೆ ಬೀದಿಗೆ ಬರುತ್ತಿತ್ತು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಒಂದೊಂದೇ ಮೆಟ್ಟಿಲು ಇಳಿದು, ಗೇಟು ದಾಟಿ ಹೊರಗೆ ಬಂದಳು. ಹಿಂದೆ ಭಾವ, ಜರಿಪಂಚೆಯಲ್ಲಿ.

"ಕಾರು ತಗೊಂಡು ಬಾ. ಇನ್ನೊಂದು ಸುತ್ತು" ಎಂದಳು.

"ಅಕ್ಕ, ಇವತ್ತು ಎಳೆದುಬಿಟ್ರೆ? ಮೂರು ದಿನ ಆದ್ರೆ? ಅಜ್ಜಿ ಇಲ್ಲದೆ ತೊಟ್ಟಿಲು ಹೇಗೆ?"

"ಎಳೆದ್ರೆ ಎಳೀಲಿ. ನೀನಿಲ್ಲದೆ ಮಾತ್ರ ಹೇಗಂತೆ?"

ಅವಳು ನನ್ನ ಮುಖ ನೋಡಲಿಲ್ಲ. ನಾನು ಹೋಗಿ ಕಾರು ತಂದೆ. ಪೇಟೆಯ ಸುತ್ತು ಹಾಕಿ ವಾಪಸು ತಿರುಗಿದೆವು. ಎಳಿ ಎಳಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಎಳೆಯುತ್ತ ಕಾರು ಓಡಿಸಿದೆ. ಕಾಂಪೌಂಡು ಗೋಡೆ ಬಂತು. ಮುಗಿಯಿತು. ತೋರಣ ಕಟ್ಟಿದ ಗೇಟು ಕಂಡಿತು. ಗೇಟಿಗೆ ಇನ್ನೇನು ಹತ್ತಡಿ ಇದೆ ಎನ್ನುವಾಗ ಅಕ್ಕ ಕೈ ಚಾಚಿ ಹ್ಯಾಂಡ್‌ಬ್ರೇಕನ್ನು ಎಳೆದಳು. ಕಾರು ಕೆಮ್ಮಿ ನಿಂತಿತು.

"ಯಾಕೆ?"

"ನಾವಿನ್ನೂ ಮನೆ ಮುಟ್ಟಿಲ್ಲ" ಎಂದಳು ಅಕ್ಕ, ಎದುರಿಗೆ ನೋಡುತ್ತ. "ಇಳಿಯೋವರೆಗೆ ದಾರಿ ದಾರಿಯೇ. ಯಾರು ಇಲ್ಲ ಅಂದೋರು?"

"ಇದು ಉದ್ದದಾರಿ ಅಲ್ಲ ಅಕ್ಕ. ಗೇಟು ಕಾಣ್ತಾ ಇದೆ."

"ನನಗೆ ಕಾಣ್ತಾ ಇಲ್ಲ. ಏನೂಂದ್ರೆ, ನಿಮಗೆ ಕಾಣುತ್ತಾ?"

ಭಾವ ಕನ್ನಡಕ ತೆಗೆದು ಜುಬ್ಬದ ಜೇಬಿನಲ್ಲಿ ಹಾಕಿಕೊಂಡರು. "ಏನೂ ಕಾಣ್ತಿಲ್ಲಪ್ಪ" ಎಂದರು.

ಆಗ ಒಂಬತ್ತು ಗಂಟೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನನಗೆ ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಕಟ್ಟಳೆ ಅಂದರೆ ಕಟ್ಟಳೆ. ಇದನ್ನು ಊರು ಒಪ್ಪದೆ ಹೋದರೆ ಅಕ್ಕನ ಮನೆಯ ಶುಭಕಾರ್ಯಕ್ಕೇ ಕೆಟ್ಟ ಹೆಸರು. ಫಿಲೋಮಿನಮ್ಮ ಗಿಡಕ್ಕೆ ನೀರು ಹಾಕುತ್ತಿದ್ದವರು ನಮ್ಮನ್ನು ನೋಡಿ ಕೈಯೆತ್ತಿದರು. ಮೂವರೂ ಮಿಸುಕದೆ ಕೂತಿದ್ದನ್ನು ಕಂಡು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. ಅಷ್ಟರಲ್ಲಿ ತೊಟ್ಟಿಲಿಗೆ ಕರೆಸಿಕೊಂಡಿದ್ದ ದಾವೂದ್ ಸಾಹೇಬರು ಕೋಲೂರಿಕೊಂಡು ಬಂದರು. ಕಾರಿನ ಪಕ್ಕದಲ್ಲಿ ನಿಂತು, ಬಾನೆಟ್ಟಿನ ಮೇಲೆ ಕೈಯೂರಿ ದಣಿವಾರಿಸಿಕೊಂಡರು. ಅವರು ಒಂದು ಮಾತಂದರೆ ಮುಗಿಯಿತು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಸಾಹೇಬರು ನಮ್ಮ ಕಡೆ ತಿರುಗದೆ ಫಿಲೋಮಿನಮ್ಮನನ್ನು ಕೇಳಿದರು: "ಕಾತ್ಯಾಯಿನಮ್ಮ ಬೆಳಿಗ್ಗೆ ಹೊರಟೋರು ಇನ್ನೂ ಬಂದಿಲ್ಲವಂತೆ, ಹೌದಾ?"

ಫಿಲೋಮಿನಮ್ಮ ನಿಧಾನವಾಗಿ ಕೈ ಇಳಿಸಿದರು. "ಹೌದು ಸಾಹೇಬ್ರೆ. ಪಾಪ, ದಾರಿ ಎಳೆದಿರಬೇಕು."

"ಎಳೆದಿರಬೇಕು" ಎಂದು ಸಾಹೇಬರು ಬಾನೆಟ್ಟಿನಿಂದ ಕೈ ತೆಗೆದು ಗೇಟಿನೊಳಗೆ ಹೋದರು.

ಆಮೇಲೆ ಆದದ್ದನ್ನು ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಫಿಲೋಮಿನಮ್ಮ ತಮ್ಮ ಮಾಸಲು ಬಿಳಿಯ ಬೆಡ್‌ಶೀಟು ತಂದು ಕಾಂಪೌಂಡಿನ ಮೇಲೆ ಹರವಿ, ನಮಗೆ ಬೆನ್ನು ಮಾಡಿ ಅದರ ಮುಂದೆ ನಿಂತುಬಿಟ್ಟರು. ಉದ್ದದಾರಿಯಲ್ಲಿ ಮುಗಿಯದೆ ಬರುವ ಗೋಡೆಯಾದರು. ಸೊಪ್ಪಿನ ಗಾಡಿಯವನು ಕೂಗು ನಿಲ್ಲಿಸಿ ಮೆಲ್ಲಗೆ ಗಾಡಿ ತಳ್ಳಿಕೊಂಡು ದಾಟಿದ. ತೊಟ್ಟಿಲಿಗೆ ಬಂದ ನೆಂಟರು ಒಬ್ಬೊಬ್ಬರೂ ಕಾರನ್ನು ಬಳಸಿ, ಗಾಳಿಯಲ್ಲಿ ಏನೋ ಹುಡುಕುವವರ ಹಾಗೆ ಮೇಲೆ ನೋಡುತ್ತ ಒಳಗೆ ಹೋದರು. ಪುರೋಹಿತರಂತೂ ಕಾರಿಗೆ ಮಂಡಿ ಬಡಿದರೂ "ಅಯ್ಯೋ" ಅನ್ನಲಿಲ್ಲ.

"ಪೆಟ್ಟಿಗೆ ತೆಗಿ" ಎಂದಳು ಅಕ್ಕ. ನಾವು ಇಳಿಯುವಂತಿರಲಿಲ್ಲ. ಭಾವ ಹಿಂದಿನ ಸೀಟು ಮಡಚಿ, ಡಿಕ್ಕಿಯೊಳಕ್ಕೆ ಅರ್ಧ ತೂರಿ ಒಂದೊಂದೇ ಡಬ್ಬ ಹೊರಗೆ ಕೊಟ್ಟರು. ಡ್ಯಾಶ್‌ಬೋರ್ಡಿನ ಮೇಲೆ ಕೋಡುಬಳೆ, ಹ್ಯಾಂಡ್‌ಬ್ರೇಕಿನ ಮೇಲೆ ಉಪ್ಪಿನಕಾಯಿ, ನನ್ನ ತೊಡೆಯ ಮೇಲೆ ರವೆ ಉಂಡೆ. ಸ್ಟವ್ ಹಚ್ಚುತ್ತೇನೆಂದು ಭಾವ ಹಟ ಹಿಡಿದರು. ರೇಷ್ಮೆ ಸೀರೆ ಉಟ್ಟಿದ್ದೇನೆ ಎಂದು ಅಕ್ಕ ಗದರಿಸಿದಳು. ಮೊದಲ ಆಟದಲ್ಲೇ ಭಾವ ಚೌಕಾಬಾರದಲ್ಲಿ ನಮ್ಮಿಬ್ಬರ ಕಾಯಿಗಳನ್ನೂ ಹೊಡೆದರು. ಗಂಟೆ ಹತ್ತೂವರೆಯಾಯಿತು. ಯಾರೂ ಆ ಮಾತು ಎತ್ತಲಿಲ್ಲ. ಮೂರು ದಿನದಿಂದ ಅದಕ್ಕೇ ಒದ್ದಾಡಿದವರಿಗೆ ಈಗ ಬಾಯಿ ಬಾರದು.

ಮೊದಲು ಎತ್ತಿದವರು ಭಾವ. "ನಾನು ನಶ್ಯ ಬಿಟ್ಟಿದ್ದನ್ನ ವಾಪಸು ತಗೊಂಡಿದೀನಿ. ಆರು ವರ್ಷ ಒಂದು ಸೀನು ಇಲ್ಲ ನನಗೆ" ಎಂದು ಒಂದೇ ಉಸಿರಿಗೆ ಹೇಳಿ, ಹಿಂದಕ್ಕೊರಗಿ ಕಣ್ಣು ಮುಚ್ಚಿದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೂ ಅಷ್ಟೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೋಡೆಯಾಗಿದ್ದ ಫಿಲೋಮಿನಮ್ಮನ ಭುಜವೂ ಅಲುಗಿತು. ನಗುತ್ತ ನಗುತ್ತಲೇ ಅಕ್ಕ ಅಳುವುದಕ್ಕೆ ಶುರುಮಾಡಿದಳು.

"ಆವತ್ತು ನೀನು ನೀರು ಕುಡೀತಿರಲಿಲ್ಲ ಪಂಕಿ" ಎಂದಳು. "ನಾನು ನೋಡಿದೀನಿ. ನಿನ್ನ ಪಾಲನ್ನ ಇವರ ಲೋಟಕ್ಕೆ ಬಗ್ಗಿಸ್ತಿದ್ದೆ. ಎರಡು ದಿನವೂ ನೋಡಿದೀನಿ. ನೋಡಿ ನೋಡಿ ನನಗೆ ಕೋಪ ಬಂತು. ಇವಳು ಎಲ್ಲಾದ್ರೂ ಒಣಗಿ ಬಿದ್ದುಹೋದ್ರೆ ನಾನೇನು ಮಾಡಲಿ ಅಂತ. ಅದನ್ನ ಹೇಳೋಕೆ ಬರಲಿಲ್ಲ. ಬಾಯಿಗೆ ಬಂದಿದ್ದು ಮೆಟ್ಟಿಲು. ವಾಪಸು ತಗೊಂಡೆ. ಹತ್ತು ಬಾರೇ. ಮೆಟ್ಟಿಲು ಹತ್ತು."

ನಾನು ನೀರು ಬಿಟ್ಟದ್ದು ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ತಪ್ಪು ಮಾಡಿದವಳು ನಾನು, ಇನ್ನೇನು ಮಾಡಲಿ. "ನೀನು ಕಾಲು ಹಿಡಿದರೂ ಹತ್ತಲ್ಲ ಅಂದಿದ್ದೆ" ಎಂದೆ. "ಅದನ್ನ ವಾಪಸು ತಗೊಂಡೆ. ದಿನಾ ಬೆಳಿಗ್ಗೆ ಗೇಟಿಗೆ ಬರ್ತಿದ್ದದ್ದು ನಿನ್ನ ಹುಳಿಗಲ್ಲ ಅಕ್ಕ. ನಿನ್ನ ಹುಳಿಗೆ ಉಪ್ಪು ಯಾವಾಗ್ಲೂ ಜಾಸ್ತಿ."

"ಇದನ್ನ ಗೇಟಲ್ಲೇ ಹೇಳಬಹುದಿತ್ತಲ್ಲ" ಎಂದು ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು ನನ್ನ ಕೆನ್ನೆಗೊಂದು ತಿವಿದಳು.

ಗಂಟೆ ಹನ್ನೊಂದಾಗುತ್ತ ಬಂತು. ಇಳಿಯೋಣವೆಂದು ನಾನು ಬಾಗಿಲಿಗೆ ಕೈ ಹಾಕಿದೆ. ಭಾವ ತಡೆದರು. ಬಾಯಿ ತೆರೆದ ಡಬ್ಬವನ್ನು ಮನೆಯೊಳಗೆ ಒಯ್ಯುವಂತಿಲ್ಲ. ಉದ್ದದಾರಿಯಲ್ಲಿ ತೆರೆದದ್ದನ್ನು ಉದ್ದದಾರಿಯಲ್ಲೇ ಮುಗಿಸಬೇಕು. ಸಂಭ್ರಮದಲ್ಲಿ ನಾವು ಎಲ್ಲವನ್ನೂ ತೆರೆದಿದ್ದೆವು. ಕಟ್ಟಳೆಯ ಒಂದು ತುದಿಯನ್ನು ಆಗಲೇ ಬಗ್ಗಿಸಿದ್ದೆವು, ಇನ್ನೊಂದನ್ನಾದರೂ ನೆಟ್ಟಗೆ ಇಡಬೇಕಿತ್ತು. ಮೂರು ಜನರ ಮೂರು ದಿನದ ತಿಂಡಿಯನ್ನು ಇಪ್ಪತ್ತು ನಿಮಿಷದಲ್ಲಿ ತಿನ್ನತೊಡಗಿದೆವು. ಅವಲಕ್ಕಿ ಹಿಡಿ ಹಿಡಿ, ಉಂಡೆ ಎರಡೆರಡು. ಅಕ್ಕನ ಬಾಯಿ ತುಂಬಿ ಕಣ್ಣು ಹೊರಗೆ ಬಂದಿತ್ತು. ಆಗ ಗೋಡೆಯಿಂದ ಒಂದು ಕೈ ಚಾಚಿತು. ಮುಖ ತಿರುಗಿಸದೆಯೇ ಫಿಲೋಮಿನಮ್ಮ ತಟ್ಟೆ ಹಿಡಿದಿದ್ದರು. ನಿಪ್ಪಟ್ಟನ್ನೆಲ್ಲ ಅದಕ್ಕೆ ಸುರಿದೆ. ಸೊಪ್ಪಿನ ಗಾಡಿಯವನ ಕೈ ಬಂತು, ರವೆ ಹೋಯಿತು. ಮತ್ತೆ ಯಾರದೋ ಬಳೆಯ ಕೈ, ಯಾರದೋ ಉಂಗುರದ ಕೈ. ಉಪ್ಪಿನಕಾಯಿ, ಕೋಡುಬಳೆ, ಬೆಲ್ಲ, ಹುರಿಗಡಲೆ ಎಲ್ಲ ಖಾಲಿ. ಕೊನೆಯ ಎರಡು ಉಂಡೆ ಉಳಿದವು. ಯಾವ ಕೈಯೂ ಬರಲಿಲ್ಲ. ಅಕ್ಕನೂ ಭಾವನೂ ನನ್ನನ್ನೇ ನೋಡಿದರು. ತಿಂದೆ. ಇನ್ನೊಂದು ಕಾಳೂ ಇಳಿಯದಂತಾಗಿ, ಸೀಟಿನಿಂದ ನನ್ನನ್ನು ಅಕ್ಕನೇ ಎಳೆದು ಇಳಿಸಬೇಕಾಯಿತು.

ನಾವು ನೆಲಕ್ಕೆ ಕಾಲಿಟ್ಟದ್ದೇ ತಡ, ಫಿಲೋಮಿನಮ್ಮ ತಿರುಗಿ, "ಅರೆ, ಬಂದ್ರಾ" ಎಂದರು. ಬೀದಿಯೆಲ್ಲ ಆಗತಾನೇ ನಮ್ಮನ್ನು ಕಂಡಂತೆ ಬಂದ್ರಾ ಬಂದ್ರಾ ಎಂದಿತು. ಅಕ್ಕ ನನ್ನ ಕೈ ಹಿಡಿದುಕೊಂಡೇ ಗೇಟು ದಾಟಿಸಿದಳು. ಏಳು ಮೆಟ್ಟಿಲನ್ನೂ ಒಂದೊಂದಾಗಿ ಎಣಿಸಿಕೊಂಡು ಹತ್ತಿದೆ.

ಉದ್ದದಾರಿಯಿಂದ ಬಂದವರನ್ನು ಹೊಸಲಲ್ಲೇ ನಿಲ್ಲಿಸಿ, ಕಾಲಿಗೆ ನೀರು ಹಾಕಿ, ಎಷ್ಟು ದಿನವಾಯಿತೆಂದು ಕೇಳಿ, ಊಟಕ್ಕೆ ಕರೆಯುವುದು ನಮ್ಮಲ್ಲಿ ರೂಢಿ. ಬಾಗಿಲಲ್ಲಿ ಸೌಗಂಧಿ ನಿಂತಿದ್ದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ತೋಳಿನಲ್ಲಿ ಮಗು. ಅವನು ನಮ್ಮಮ್ಮನ ಮೂಗಿನಿಂದ ನನ್ನನ್ನು ನೋಡುತ್ತಿದ್ದ. ಸೌಗಂಧಿ ಅಮ್ಮನ ಕಾಲಿಗೆ ನೀರು ಹಾಕಿದಳು, ಅಪ್ಪನ ಕಾಲಿಗೆ ಹಾಕಿದಳು, ನನ್ನ ಮುಂದೆ ಬಂದು ನಿಂತಳು. ಮಗುವನ್ನು ತೋಳಿನಲ್ಲಿ ಸರಿಮಾಡಿಕೊಂಡು ಕೇಳಿದಳು.

"ಎಷ್ಟು ದಿನ ಆಯ್ತು ಚಿಕ್ಕಮ್ಮ?"

"ಆರು ವರ್ಷ" ಎಂದೆ.

ಅವಳು ನನ್ನ ಕಾಲಿಗೆ ನೀರು ಸುರಿದಳು. ಚೊಂಬು ಖಾಲಿಯಾಗುವವರೆಗೂ ಸುರಿದಳು. "ಹಸಿದಿರ್ತೀರಾ. ಒಳಗೆ ಬನ್ನಿ."

ರವೆ ಉಂಡೆ ನನ್ನ ಗಂ‌ಟಲಿನವರೆಗೂ ತುಂಬಿಕೊಂಡಿತ್ತು. ಸೀರೆಯ ಗಂಟು ಬಿಗಿದು ಉಸಿರಾಡುವುದೂ ಕಷ್ಟವಾಗಿತ್ತು. "ತುಂಬಾ ಹಸಿದಿದೀನಿ ಕಣೇ" ಎಂದು ಹೇಳಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದೆ.